ನಿಮಗಿದು ಗೊತ್ತೆ? ಕೊಳೆತ ಟೊಮೆಟೊದಿಂದ ಕರೆಂಟು!

ಹೈದರಾಬಾದಿನ ಬೋಯಿನಪಲ್ಲಿ ತರಕಾರಿ ಮಾರುಕಟ್ಟೆಯಲ್ಲಿ ದಿನಕ್ಕೆ ಸುಮಾರು 10 ಟನ್ ಕಸ ಬೀಳುತ್ತದೆ: ಜಜ್ಜಿಹೋದ ಟೊಮೆಟೊ, ಬಾಡಿದ ಸೊಪ್ಪು, ಕೋಸಿನ ಹೊರಗಿನ ಎಲೆ. ಬಹುಪಾಲು ನೀರೇ ಆದ್ದರಿಂದ ಸುಡೋಣವೆಂದರೆ ಹೊತ್ತಿಕೊಳ್ಳುವುದೂ ಇಲ್ಲ. ಅಲ್ಲಿ ಅದನ್ನು ಚೂರು ಮಾಡಿ, ದೋಸೆ ಹಿಟ್ಟಿನಂತೆ ರುಬ್ಬಿ, ಗಾಳಿಯಾಡದ ತೊಟ್ಟಿಗೆ ಬಿಡುತ್ತಾರೆ. ಮುಂದಿನದು ಸೂಕ್ಷ್ಮಜೀವಿಗಳ ಪಾಲು. ಅವು ತಿಂದು ಮೀಥೇನ್ ಹೊರಬಿಡುತ್ತವೆ. ಆ ಅನಿಲದಿಂದ ಜನರೇಟರ್ ಓಡಿದರೆ ದಿನಕ್ಕೆ ಸುಮಾರು 500 ಯೂನಿಟ್ ವಿದ್ಯುತ್. ಮಾರುಕಟ್ಟೆಯ ದೀಪಗಳಿಗೆ, ನೀರು ಪೂರೈಕೆಗೆ ಅದು ಬಳಕೆಯಾಗುತ್ತದೆ. ಒಂದಷ್ಟು ಅನಿಲ ಕ್ಯಾಂಟೀನಿನ ಒಲೆಗೂ ಹೋಗುತ್ತದೆ. ಉಳಿದ ಗಸಿ ಗೊಬ್ಬರ. ತಂತ್ರಜ್ಞಾನವೂ ಹೊರಗಿನದಲ್ಲ, ಅದೇ ಊರಿನ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯದು. 2021ರ ಜನವರಿಯ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಈ ಮಾರುಕಟ್ಟೆಯನ್ನು ಹೆಸರಿಸಿ ಹೊಗಳಿದ್ದರು.