ಅಮ್ಮನ ಅರವತ್ತಕ್ಕೊಂದು ಸರೋವರ

ಹೆತ್ತ ತಾಯಿಗೆ ಅರವತ್ತು ತುಂಬಿದರೆ ಮಗನಾದವನು ಏನು ಕೊಟ್ಟಾನು? ಒಂದು ರೇಷ್ಮೆ ಸೀರೆ, ಕೈಲಾದರೆ ಒಂದೆಳೆ ಸರ, ಬಂಧುಬಳಗಕ್ಕೆ ಹೋಳಿಗೆ ಊಟ. ಚೀನಾದ ಚಕ್ರವರ್ತಿ ಚಿಯೆನ್‌ಲುಂಗ್ ತನ್ನ ತಾಯಿಗೆ ಒಂದು ಸರೋವರವನ್ನೇ ಕೊಟ್ಟ!

1750ರಲ್ಲಿ ಕೆಲಸ ಶುರುವಾಯಿತು. ಬೀಜಿಂಗ್ ನಗರದ ವಾಯವ್ಯಕ್ಕೆ ಒಂದು ಗುಡ್ಡ, ಅದರ ಬುಡದಲ್ಲಿ ಒಂದು ಕೆರೆ ಮೊದಲೇ ಇದ್ದವು. ಕೆರೆಯನ್ನು ಅಗೆದು ಹಿಗ್ಗಿಸಿದರು. ತೆಗೆದ ಮಣ್ಣನ್ನು ಗುಡ್ಡಕ್ಕೇ ಪೇರಿಸಿ, ಅದಕ್ಕೆ 'ದೀರ್ಘಾಯುಷ್ಯದ ಬೆಟ್ಟ' ಅಂತ ಹೆಸರಿಟ್ಟರು. ಸರೋವರದ ಹೆಸರು ಕುನ್‌ಮಿಂಗ್. ಒಟ್ಟು ಸುಮಾರು 700 ಎಕರೆ, ಅದರಲ್ಲಿ ಮುಕ್ಕಾಲು ಪಾಲು ನೀರೇ. ಇದು ಬರೀ ಚೆಂದಕ್ಕೆ ಮಾಡಿದ್ದಲ್ಲ, ರಾಜಧಾನಿಯ ನೀರಿಗೂ ಈ ಸರೋವರವೇ ಆಸರೆಯಾಗಿತ್ತು.

ಚೀನೀ ಅರಸರ ಉದ್ಯಾನವೆಂದರೆ ನಾವು ತಿಳಿದಿರುವ ಹೂದೋಟವಲ್ಲ. ನೀರು, ಕಲ್ಲು, ಗುಡ್ಡ, ಮಂಟಪ ಇವೇ ಅಲ್ಲಿ ಮುಖ್ಯ. ಹೂವು ಆಮೇಲಿನ ಮಾತು. ಅದರ ಹಿಂದೆ ಒಂದು ಹಳೆಯ ನಂಬಿಕೆಯಿದೆ. ಪೂರ್ವದ ಕಡಲಿನಲ್ಲಿ ಪೆಂಗ್‌ಲಾಯ್, ಫಾಂಗ್‌ಝಾಂಗ್, ಯಿಂಗ್‌ಝೌ ಎಂಬ ಮೂರು ದ್ವೀಪಗಳಿವೆಯಂತೆ. ಅಲ್ಲಿ ಸಾವೇ ಇಲ್ಲದ ಸಿದ್ಧಪುರುಷರು ಇದ್ದಾರಂತೆ, ಅವರ ಹತ್ತಿರ ಅಮೃತದಂಥ ಔಷಧಿಯೂ ಉಂಟಂತೆ. ಕ್ರಿ.ಪೂ. ಮೂರನೇ ಶತಮಾನದಲ್ಲಿ ಚೀನಾದ ಮೊದಲ ಚಕ್ರವರ್ತಿ ಹಡಗು ಕಳಿಸಿ ಹುಡುಕಿಸಿದ. ಸಿಗಲಿಲ್ಲ. ಆಮೇಲೆ ಬಂದ ಹಾನ್ ವಂಶದ ವೂ ಎಂಬ ಚಕ್ರವರ್ತಿ ತನ್ನ ಅರಮನೆಯಲ್ಲೇ ಕೊಳ ತೋಡಿಸಿ, ನಡುವೆ ದ್ವೀಪಗಳನ್ನು ಕಟ್ಟಿಸಿದ. ನಾವು ಅಲ್ಲಿಗೆ ಹೋಗಲಾಗದಿದ್ದರೆ ಅವರೇ ಇಲ್ಲಿಗೆ ಬರಲಿ ಎಂಬ ಲೆಕ್ಕವೋ ಏನೋ! ಅಲ್ಲಿಂದ ಮುಂದೆ ಒಂದು ಸರೋವರ, ಮೂರು ದ್ವೀಪ ಎಂಬುದು ರಾಜೋದ್ಯಾನಗಳಿಗೆ ಒಂದು ಪದ್ಧತಿಯೇ ಆಗಿಹೋಯಿತು. ಕುನ್‌ಮಿಂಗ್ ಸರೋವರದಲ್ಲೂ ಮೂರು ದೊಡ್ಡ ದ್ವೀಪಗಳಿವೆ.

ಇನ್ನೊಂದು ಜಾಣತನ ನೋಡಿ. ದಡದಲ್ಲಿ ನಿಂತರೆ ದೂರದ ಬೆಟ್ಟದ ಮೇಲಿನ ಒಂದು ಗೋಪುರ ಉದ್ಯಾನದೊಳಗೇ ಇದ್ದಂತೆ ಕಾಣುತ್ತದೆ. ನಿಜಕ್ಕೂ ಅದು ಇರುವುದು ಹೊರಗೆ. ಇದನ್ನು ಚೀನೀಯರು 'ಎರವಲು ನೋಟ' ಅನ್ನುತ್ತಾರೆ. ನೆರೆಮನೆಯ ಮಾವಿನ ಮರ ನಮ್ಮ ಅಡಿಗೆಮನೆ ಕಿಟಕಿಗೆ ತಂಪು ಕೊಟ್ಟ ಹಾಗೆ!

ಚಿಯೆನ್‌ಲುಂಗ್ ದಕ್ಷಿಣದ ನಾಡುಗಳಿಗೆ ಆರು ಸಲ ಪ್ರವಾಸ ಹೋದವನು. ತಾಯಿಯನ್ನೂ ಕರೆದುಕೊಂಡು ಹೋಗಿದ್ದ. ಅಲ್ಲಿ ಮೆಚ್ಚಿದ್ದನ್ನೆಲ್ಲ ಇಲ್ಲಿ ಮಾಡಿಸಿದ. ಹಾಂಗ್‌ಝೌ ಊರಿನ ಸರೋವರದ ಏರಿ, ವೂಶಿ ಊರಿನ ಒಂದು ತೋಟ, ಎಲ್ಲದರ ಪಡಿಯಚ್ಚು ಇಲ್ಲಿದೆ. ನನಗೆ ಬಹಳ ಹಿಡಿಸಿದ್ದು ಸೂಝೌ ಬೀದಿ. ಕಾಲುವೆಯ ಎರಡೂ ದಡಕ್ಕೆ ಸಾಲು ಅಂಗಡಿಗಳು. ರಾಣಿವಾಸದವರು ಊರ ಪೇಟೆಗೆ ಹೋಗುವ ಹಾಗಿರಲಿಲ್ಲವಲ್ಲ, ಅದಕ್ಕೆ ಪೇಟೆಯೇ ಒಳಗೆ ಬಂತು! ಅರಮನೆಯ ಊಳಿಗದವರೇ ಅಂಗಡಿಯವರ ವೇಷ ಹಾಕುತ್ತಿದ್ದರು, ರಾಜಮನೆತನದವರು ಗಿರಾಕಿಗಳಾಗುತ್ತಿದ್ದರು. ನಾವು ಸಂತೆಗೆ ಹೋಗಿ ಚೌಕಾಸಿ ಮಾಡಿ ಬರುವುದು ಅವರಿಗೆ ನಾಟಕವಾಡಿ ಪಡೆಯಬೇಕಾದ ಸುಖ.

ಈ ಸುಖಕ್ಕೆ ಬೆಂಕಿ ಬಿದ್ದದ್ದು 1860ರ ಅಕ್ಟೋಬರಿನಲ್ಲಿ. ಭಾರತದಲ್ಲಿ ಬೆಳೆಸಿದ ಅಫೀಮನ್ನು ಚೀನಾಕ್ಕೆ ಮಾರಿ ಬ್ರಿಟಿಷರು ಹಣ ಮಾಡುತ್ತಿದ್ದರು. ಆ ವ್ಯಾಪಾರದ ಸುತ್ತ ಎದ್ದ ಜಗಳದಲ್ಲಿ ಬ್ರಿಟಿಷ್, ಫ್ರೆಂಚ್ ಸೈನ್ಯ ಬೀಜಿಂಗ್ ತನಕ ನುಗ್ಗಿತು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ದಳದವರೂ ಆ ದಂಡಿನಲ್ಲಿದ್ದರು. ಸಂಧಾನಕ್ಕೆ ಹೋದವರನ್ನು ಚೀನೀಯರು ಸೆರೆಹಿಡಿದು ಹಿಂಸಿಸಿದರು. ಸತ್ತವರಲ್ಲಿ ನಮ್ಮ ಸಿಖ್ ಸವಾರರೂ ಇದ್ದರು. ಆ ಸೇಡಿಗೆ ಲಾರ್ಡ್ ಎಲ್ಗಿನ್ ಉದ್ಯಾನಗಳನ್ನು ಸುಡಲು ಹೇಳಿದ. ಪಕ್ಕದ ಯುವಾನ್‌ಮಿಂಗ್‌ಯುವಾನ್ ಎಂಬ ಇನ್ನೂ ದೊಡ್ಡ ಉದ್ಯಾನವೂ ಸುಟ್ಟುಹೋಯಿತು. ಇಂದಿಗೂ ಅಲ್ಲಿ ಮುರಿದ ಕಲ್ಲುಕಂಬಗಳು ನಿಂತಿವೆ. ಸಿಕ್ಕಿದ್ದನ್ನು ಸಿಪಾಯಿಗಳು ದೋಚಿದರು. ಒಂದು ಪುಟ್ಟ ನಾಯಿಯನ್ನೂ ಹೊತ್ತೊಯ್ದು ವಿಕ್ಟೋರಿಯಾ ರಾಣಿಗೆ ಒಪ್ಪಿಸಿದರು. ಅದಕ್ಕಿಟ್ಟ ಹೆಸರೇನು ಗೊತ್ತೆ? 'ಲೂಟಿ'! ನಮ್ಮ ನಾಡಿನ ಮಾತೇ. ಎಲ್ಗಿನ್ ಮುಂದೆ 1862ರಲ್ಲಿ ವೈಸ್‌ರಾಯ್ ಆಗಿ ಭಾರತಕ್ಕೇ ಬಂದ. ಮರುವರ್ಷ ತೀರಿಕೊಂಡ ಅವನ ಸಮಾಧಿ ಧರ್ಮಶಾಲೆಯಲ್ಲಿದೆ.

ಸುಟ್ಟ ತೋಟವನ್ನು ಮತ್ತೆ ಎಬ್ಬಿಸಿದವಳು ಒಬ್ಬ ಹೆಂಗಸು, ತ್ಸು ಶಿ. ಕಿರಿಯ ಉಪಪತ್ನಿಯಾಗಿ ಅರಮನೆ ಸೇರಿದವಳು, ಗಂಡು ಹೆತ್ತು ಮೇಲೇರಿದಳು. ಗಂಡ ಸತ್ತ ಮೇಲೆ ಸಿಂಹಾಸನದ ಹಿಂದೆ ತೆರೆ ಕಟ್ಟಿಸಿ, ಅದರ ಮರೆಯಲ್ಲಿ ಕುಳಿತು ರಾಜ್ಯವಾಳಿದಳು. ಮಗ ಎಳೆಯ ಪ್ರಾಯದಲ್ಲೇ ಸತ್ತಾಗ, ತಂಗಿಯ ಮೂರು ವರ್ಷದ ಮಗನನ್ನು ದತ್ತು ತೆಗೆದುಕೊಂಡು ಪಟ್ಟಕ್ಕೆ ಕೂರಿಸಿದಳು. ಅವನೇ ಕುವಾಂಗ್ ಶು. 1888ರಲ್ಲಿ ಉದ್ಯಾನಕ್ಕೆ ಹೊಸ ಹೆಸರು ಬಂತು, ಯೀಹೆಯುವಾನ್. ಸಾಮರಸ್ಯವನ್ನು ಪೋಷಿಸುವ ವನ ಅಂತ ಅರ್ಥ.

ದುಡ್ಡು ಬಂದದ್ದೆಲ್ಲಿಂದ? ನೌಕಾಪಡೆಯ ಹಣವನ್ನೂ ಇತ್ತ ತಿರುಗಿಸಿದರು. ಎಷ್ಟು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. 1894ರಲ್ಲಿ ಅವಳಿಗೂ ಅರವತ್ತು ತುಂಬಿತು. ಇಲ್ಲೇ ಭಾರಿ ಉತ್ಸವ ಮಾಡುವ ಸಿದ್ಧತೆ ನಡೆದಿರುವಾಗ ಜಪಾನಿನೊಡನೆ ಯುದ್ಧ ಬಂತು. ಚೀನಾ ಸೋತಿತು, ತೈವಾನ್ ಕೈಬಿಟ್ಟಿತು. ಸರೋವರದ ದಡದಲ್ಲಿ ಒಂದು ಕಲ್ಲುದೋಣಿ ಇದೆ. ತಳ ಕಲ್ಲಿನದು, ಮೇಲಿನ ಭಾಗ ಮರದ್ದು, ಅಮೃತಶಿಲೆಯಂತೆ ಕಾಣಲು ಬಣ್ಣ ಬಳಿದದ್ದು. ನೌಕಾಪಡೆಯ ದುಡ್ಡಿನಲ್ಲಿ ತೇಲದ ದೋಣಿ ಮಾಡಿಸಿದಳು ಅಂತ ಜನ ಆಡಿಕೊಂಡರು. ತಳ ಚಿಯೆನ್‌ಲುಂಗ್ ಕಾಲದ್ದೇ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ! ಗಂಡಸು ಕಟ್ಟಿಸಿದರೆ ರಸಿಕತೆ, ಹೆಂಗಸು ಕಟ್ಟಿಸಿದರೆ ದುಂದುಗಾರಿಕೆ.

ಆದರೆ ಆ ಹುಡುಗನ ವಿಷಯದಲ್ಲಿ ಅವಳ ಪರ ವಹಿಸಲು ನನಗೆ ಬಾಯಿ ಬರುವುದಿಲ್ಲ. 1898ರಲ್ಲಿ ಕುವಾಂಗ್ ಶು ಶಾಲೆ, ಪರೀಕ್ಷೆ, ಆಡಳಿತ ಎಲ್ಲ ಸುಧಾರಿಸಲು ಹೊರಟ. ನೂರು ದಿನ ನಡೆಯಿತು, ಅಷ್ಟೆ. ದೊಡ್ಡಮ್ಮ ಅವನನ್ನು ಸೆರೆಯಲ್ಲಿಟ್ಟಳು. ಬೀಜಿಂಗಿನಲ್ಲಿ ಅವನನ್ನಿಟ್ಟದ್ದು ಅರಮನೆ ಪಕ್ಕದ ಸರೋವರದ ಒಂದು ದ್ವೀಪದಲ್ಲಿ. ಅದರ ಹೆಸರು ಯಿಂಗ್‌ತಾಯ್, ಅಮರರ ಯಿಂಗ್‌ಝೌ ದ್ವೀಪದ ನೆನಪಿಗೆ ಇಟ್ಟ ಹೆಸರು. ಅವಳು ಯೀಹೆಯುವಾನ್‌ಗೆ ಬಂದಾಗ ಅವನನ್ನೂ ಕರೆತಂದು ದಡದ ಒಂದು ಮನೆಯಲ್ಲಿ ಕೂಡಿಹಾಕುತ್ತಿದ್ದಳು. 1908ರ ನವೆಂಬರ್ 14ರಂದು ಅವನು ಸತ್ತ, ಮರುದಿನ ಅವಳು. ಅವನ ಕೂದಲು ಪರೀಕ್ಷಿಸಿದ ಚೀನೀ ತಜ್ಞರು, ಸಾವಿಗೆ ಆರ್ಸೆನಿಕ್ ವಿಷ ಕಾರಣವೆಂದು 2008ರಲ್ಲಿ ಹೇಳಿದರು. ಕೊಟ್ಟವರು ಯಾರೋ.

1924ರಿಂದ ಯೀಹೆಯುವಾನ್ ಎಲ್ಲರ ಉದ್ಯಾನ. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದರೆ ಮಕ್ಕಳು ಅದರ ಮೇಲೆ ಜಾರಾಡುತ್ತಾರೆ. ಕುವಾಂಗ್ ಶು ಇದ್ದ ಮನೆಯನ್ನೂ ಜನ ನೋಡಿಬರುತ್ತಾರೆ. ಅಂಗಳದಾಚೆ ಕೆಲವೇ ಹೆಜ್ಜೆಗೆ ನೀರು. ಅವನು ಹೊರಗೆ ಹೋಗದಂತೆ ಕಟ್ಟಿಸಿದ ಇಟ್ಟಿಗೆ ಗೋಡೆ ಒಳಗೆ ಈಗಲೂ ಹಾಗೇ ಇದೆ.