ಬರಿಮೈಯ ಹಿತ್ತಲಿಗೆ ಹಸಿರು ಹೊದಿಕೆ

ನೆಲಮಂಗಲ, ಹೊಸಕೋಟೆ, ದೇವನಹಳ್ಳಿಯ ಹೊಸ ಬಡಾವಣೆಗಳಲ್ಲಿ ಮನೆ ಎದ್ದ ಮೇಲೆ ಹಿತ್ತಲಲ್ಲಿ ಉಳಿಯುವುದು ಸಾಮಾನ್ಯವಾಗಿ ಪಾಯ ತೋಡಿದಾಗ ಮೇಲೆ ಬಂದ ಅಡಿಮಣ್ಣು. ಅದರಲ್ಲಿ ಬದನೆ ನೆಟ್ಟು ಸೋತವರು ಗೊಬ್ಬರದ ಚೀಲ ತರಲು ಓಡುತ್ತಾರೆ. ಆ ನೆಲಕ್ಕೆ ಮೊದಲು ಬೇಕಾದದ್ದು ಒಂದು ಬೆಳೆ ಎಂಬುದು ನನ್ನ ವಾದ. ಅಪ್ಸೆಣಬೋ ಅಲಸಂದೆಯೋ ಹುರುಳಿಯೋ, ಯಾವುದಾದರೂ ಸರಿ. ಒತ್ತಾಗಿ ಚೆಲ್ಲಿ ನೆಲ ಮುಚ್ಚಿಸಿ, ಹೂ ಬಿಡುವ ಹೊತ್ತಿಗೆ ಕೊಯ್ದು ಅಲ್ಲೇ ಮಣ್ಣಿಗೆ ಸೇರಿಸಬೇಕು.

ಕಾರಣ ಇಲ್ಲಿನ ಮಳೆಯಲ್ಲೇ ಇದೆ. ಈ ಸೀಮೆಯಲ್ಲಿ ಮಳೆ ಎರಡು ಸಲ ಏರುತ್ತದೆ: ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೂ ಜೋರಾಗಿ. ಭರಣಿ, ಕೃತ್ತಿಕೆಯ ಗುಡುಗು ಮಳೆ ಬರಿಯ ಕೆಮ್ಮಣ್ಣಿಗೆ ಬಡಿದಾಗ ದಪ್ಪ ಹನಿಗಳ ಪೆಟ್ಟಿಗೆ ಪುಟ್ಟ ಹೆಂಟೆಗಳು ಒಡೆದು, ನುಣ್ಣನೆಯ ಕಣಗಳು ಸಂದುಗಳಲ್ಲಿ ಕೂರುತ್ತವೆ. ಬಿಸಿಲು ಬಿದ್ದರೆ ಮೇಲೆ ಹಪ್ಪಳದಂಥ ಪೊರೆ. ಉಗುರಿನಲ್ಲಿ ಎಬ್ಬಿದರೆ ಚಕ್ಕೆಯಾಗಿ ಏಳುತ್ತದೆ. ಮುಂದಿನ ಮಳೆ ಅದರ ಮೇಲೆ ಜಾರಿ, ಕೆಂಪಗೆ ಚರಂಡಿಗೆ ಹೋಗುತ್ತದೆ. ಎಲೆಗಳಿದ್ದರೆ ಪೆಟ್ಟು ಅವುಗಳಿಗೆ. ಬೇರು ಬಿಡಿಸಿದ ದಾರಿಯಲ್ಲಿ ನೀರು ಕೆಳಗಿಳಿಯುತ್ತದೆ. ದ್ವಿದಳ ಗಿಡವಾದರೆ ಇನ್ನೊಂದು ಲಾಭ. ನಲವತ್ತು ದಿನದ ಅಲಸಂದೆಯನ್ನು ಮಣ್ಣುಸಮೇತ ಅಗೆದು ನೋಡಿ: ಬೇರಿಗೆ ರಾಗಿಕಾಳಿನಷ್ಟು, ಕೆಲವು ಇನ್ನೂ ದಪ್ಪನೆಯ ಗಂಟುಗಳು ಅಂಟಿರುತ್ತವೆ. ಸೀಳಿದಾಗ ಒಳಗೆ ನಸುಗೆಂಪಿದ್ದರೆ ಅಲ್ಲಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತಿದೆ ಎಂದರ್ಥ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿಯೊಂದರದು. ಪಾಯದ ಮಣ್ಣಿನಲ್ಲಿ ಈ ಜೀವಿ ಇಲ್ಲದಿರಬಹುದು. ಹಾಗಾಗಿ ಬಿತ್ತುವ ಮುನ್ನ ಬೀಜಕ್ಕೆ ಬೆಲ್ಲದ ಅಂಟಿನಲ್ಲಿ ರೈಜೋಬಿಯಂ ಪುಡಿ ಲೇಪಿಸುವುದು ಒಳ್ಳೆಯದು.

ಗೊಬ್ಬರವೇ ಸಾಕಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ನಡೆದ ದೀರ್ಘಕಾಲದ ರಾಗಿ ಪ್ರಯೋಗದಲ್ಲಿ ಬರೀ ರಾಸಾಯನಿಕ ಗೊಬ್ಬರ ಕಂಡ ತಾಕುಗಳ ಇಳುವರಿ ವರ್ಷಗಳು ಕಳೆದಂತೆ ಕುಸಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವೂ ಸೇರಿದಲ್ಲಿ ಕುಸಿಯದೆ ನಿಂತಿತು. 10 ಟನ್ ಎಂದರೆ ಚದರ ಮೀಟರಿಗೆ 1 ಕಿಲೋ. ಹಸಿ ಸೆಣಬಿನಲ್ಲಿ ಬಹುಪಾಲು ನೀರೇ ಆದ್ದರಿಂದ ತೂಕಕ್ಕೆ ತೂಕ ಅದು ಕೊಟ್ಟಿಗೆ ಗೊಬ್ಬರಕ್ಕೆ ಸಮವಲ್ಲ, ಒಪ್ಪುತ್ತೇನೆ. ಆದರೆ ಚೀಲದ ಗೊಬ್ಬರವನ್ನು ಬರಿ ನೆಲಕ್ಕೆ ಚೆಲ್ಲಿದರೆ ಮೊದಲ ಮಳೆಗೇ ಒಂದಷ್ಟು ಕೊಚ್ಚಿಹೋಗುತ್ತದೆ, ಅದಕ್ಕೆ ನೆಲ ಬಿಡಿಸುವ ಬೇರೂ ಇಲ್ಲ. ಹಸಿರು ಹೊದಿಕೆ ಗೊಬ್ಬರ ನಿಲ್ಲಲು ಜಾಗ ಮಾಡಿಕೊಡುತ್ತದೆ.

ಇರುವ ತೇವವನ್ನೂ ಅದೇ ಕುಡಿದುಬಿಟ್ಟರೆ? ಬೇಸಿಗೆಯ ನಡುವೆ ಬಿತ್ತಿ ಬೋರಿನ ನೀರು ಹಾಯಿಸಿದರೆ ಆ ಆಕ್ಷೇಪ ಸರಿ. ಮೇ ಮಳೆಗೆ ಬಿತ್ತಿ ಜುಲೈ ಆರಂಭಕ್ಕೆ ಕೊಯ್ದರೆ ಅದು ಕುಡಿಯುವುದು ಹೇಗೂ ಹರಿದುಹೋಗಲಿದ್ದ ನೀರನ್ನು. ಮಳೆ ಕೈಕೊಟ್ಟರೆ ಬೇಗ ಕೊಯ್ದು ಮೇಲೆಯೇ ಹರಡಿ. ಕಾಯಿ ಕಟ್ಟುವವರೆಗೆ ಮಾತ್ರ ಬಿಡಬೇಡಿ: ಸಾರಜನಕ ಕಾಳಿಗೆ ಹೋಗುತ್ತದೆ, ಕಾಂಡ ನಾರಾಗಿ ಕೊಳೆಯಲು ತಡವಾಗುತ್ತದೆ. ಸೇರಿಸಿದ ಮೇಲೆ ಎರಡು ಮೂರು ವಾರ ಬಿಟ್ಟು ಸಸಿ ನೆಡಿ. ನಮ್ಮ ಬಿಸಿಲಿಗೆ ಈ ಸಾರ ಬೇಗ ಕರಗುವುದರಿಂದ ಪ್ರತಿ ವರ್ಷ ಬಿತ್ತಬೇಕು. ಉತ್ತರೆ, ಹಸ್ತ ಮಳೆ ಹೊತ್ತಿಗೆ ಖಾಲಿಯಾಗುವ ಮಡಿಗೆ ಒಂದು ಹಿಡಿ ಹುರುಳಿ ಚೆಲ್ಲಿದರೆ ಇಬ್ಬನಿಯ ದಿನಗಳಲ್ಲೂ ನೆಲ ಹಸಿರಾಗಿರುತ್ತದೆ.