ಬಿಳಿ ಗೌನು, ಕೆಂಪು ಸಾಡೊ

ಮಂಗಳೂರು ಕಥೊಲಿಕರ ಮದುವೆಯಲ್ಲಿ ಎರಡು ಸಂಪ್ರದಾಯಗಳು ಕೈ ಹಿಡಿಯುತ್ತವೆ. ಮುನ್ನಾದಿನ ‘ರೋಸ್’: ಹಿರಿಯರು ತೆಂಗಿನ ಹಾಲು ಹಚ್ಚಿ ಹರಸುತ್ತಾರೆ. ಮರುದಿನ ಇಗರ್ಜಿಯಲ್ಲಿ ಬಿಳಿ ಗೌನು, ಉಂಗುರ; ಬಳಿಕ ಕೆಂಪು ‘ಸಾಡೊ’ ಸೀರೆ, ಕರಿಮಣಿ.

ಛಾಯಾಗ್ರಹಣ ಕಲಿಯುವ ವಿದ್ಯಾರ್ಥಿಗೆ ಇದೊಂದು ಪರೀಕ್ಷೆಯೇ ಸರಿ. ಕ್ಯಾಮೆರಾದ ಬೆಳಕಿನ ಮಾಪಕ ಕಂಡದ್ದನ್ನೆಲ್ಲ ನಡುಬೂದು ಬಣ್ಣವೆಂದೇ ಎಣಿಸುತ್ತದೆ. ಅದನ್ನೇ ನಂಬಿದರೆ ಚೌಕಟ್ಟು ತುಂಬಿದ ಬಿಳಿ ಗೌನು ಮಾಸಿದಂತೆ ಕಾಣುತ್ತದೆ. ಒಂದು ಸ್ಟಾಪ್‌ನಷ್ಟಾದರೂ ಹೆಚ್ಚು ಬೆಳಕು ಕೊಡಬೇಕು. ವರನ ಕಪ್ಪು ಸೂಟಿಗೆ ಇದರ ತದ್ವಿರುದ್ಧ. ಇಬ್ಬರೂ ಜೊತೆಗಿದ್ದಾಗ ಅವರ ಮೇಲೆ ಬೀಳುವ ಬೆಳಕನ್ನೇ ಅಳೆಯುವುದು ಕ್ಷೇಮ.

ಆದರೆ ಲೆಕ್ಕವಷ್ಟೇ ಸಾಲದು. ರೋಸ್‌ನಲ್ಲಿ ಮೊದಲು ಹರಸುವವರು ಯಾರು, ಇಗರ್ಜಿಯಲ್ಲಿ ಎಲ್ಲಿ ನಿಲ್ಲಬಾರದು ಎಂಬುದನ್ನು ಮನೆಯವರಿಂದಲೂ ಪಾದ್ರಿಗಳಿಂದಲೂ ಮೊದಲೇ ಕೇಳಿ ತಿಳಿಯಬೇಕು. ಕೈತಪ್ಪಿದ ಕ್ಷಣಕ್ಕೆ ಮರುಪರೀಕ್ಷೆಯಿಲ್ಲ.